ಎಕ್ಸ್‌ರೇ ಬಾಗಿಲಿನ ‘ವಿಶೇಷ’

ಬೆಳಕು ಹರಿಯುವಷ್ಟರಲ್ಲಿ ಬಾಗಿಲಕ್ಕ ಎಕ್ಸ್‌ರೇ ಕೋಣೆಯ ಮೇಜು ಒರೆಸಿ ಮುಗಿಸಿದ್ದಾರೆ. ಗೋಡೆಯ ಗೂಟದಲ್ಲಿ ನೇತಾಡುವ, ಕಿರಣ ತಡೆಯಲೆಂದು ಮೈಗೆ ಕಟ್ಟುವ ಸೀಸದ ಅಂಗಿಯನ್ನೂ ಒರೆಸುತ್ತಾರೆ. ಆಮೇಲೆ ಯಾಕಾದರೂ ಒರೆಸಿದೆನೋ ಎಂಬಂತೆ ನಿಂತು ತಮ್ಮಷ್ಟಕ್ಕೇ ಗೊಣಗುತ್ತಾರೆ. “ರೋಗಿಗಳಿಗೆ ಇದನ್ನ ಕಟ್ಟಬೇಡ ಅಂತ ಡಾಕ್ಟರಮ್ಮ ಹೇಳಿ ಎರಡು ತಿಂಗಳಾಯ್ತು. ಹಾಗಾದ್ರೆ ಇಷ್ಟು ವರ್ಷ ಕಟ್ಟಿದ್ದು ತಪ್ಪಾ, ಈಗ ಬಿಟ್ಟಿದ್ದು ತಪ್ಪಾ?”

ಮೊದಲು ಅವರು ಇದೇ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುತ್ತಿದ್ದರು. ಸೋಪಿನ ಪುಡಿಗೆ ಅಂಗೈ ಸುಲಿದು ರಕ್ತ ಬರತೊಡಗಿದ ಮೇಲೆ ಈ ಬಾಗಿಲಿಗೆ ಹಾಕಿದರು; ಹೆಸರೂ ಬಾಗಿಲಕ್ಕ ಎಂದೇ ಆಯಿತು. ರೋಗಿಗಳನ್ನು ಒಳಗೆ ಕರೆಯುವುದು, ಸರ ಬಿಚ್ಚಿಸುವುದು, ಹೆಂಗಸರಾದರೆ ಬಸುರಿಯೇ ಎಂದು ವಿಚಾರಿಸುವುದು ಅವರ ಕೆಲಸ. ಎಕ್ಸ್‌ರೇ ತೆಗೆಯುವ ಹುಡುಗರು ಕೇಳಲು ನಾಚುವ ಆ ಪ್ರಶ್ನೆಯನ್ನು ಬಾಗಿಲಕ್ಕ ಮೆತ್ತಗೆ ಮಾಡಿಕೊಂಡಿದ್ದರು: “ಏನಮ್ಮಾ, ವಿಶೇಷ ಏನಾದ್ರೂ ಇದೆಯಾ?”

ಆ ಮೆತ್ತನೆಯ ಮಾತೇ ಎಡವಟ್ಟಾಗಿದೆ. ಕಳೆದ ತಿಂಗಳು ಕೆಮ್ಮೆಂದು ಎದೆಯ ಎಕ್ಸ್‌ರೇಗೆ ಬಂದಿದ್ದ ದರ್ಜಿ ಹೆಂಗಸೊಬ್ಬರು ಅದನ್ನು ಕುಶಲ ವಿಚಾರಣೆ ಎಂದುಕೊಂಡು, ವಿಶೇಷ ಏನೂ ಇಲ್ಲ, ಹೊಸ ಹೊಲಿಗೆ ಯಂತ್ರ ತಗೊಂಡೆವು ಅಷ್ಟೇ ಎಂದಿದ್ದರು. ಬಾಗಿಲಕ್ಕ ನಕ್ಕು ಒಳಗೆ ಕಳಿಸಿದ್ದರು. ಇವತ್ತು ಅದೇ ದರ್ಜಿ ಬೆಳಗಾಗುತ್ತಲೇ ಬಂದು ಬೆಂಚಿನ ಮೇಲೆ ಕೂತಿದ್ದಾರೆ. ಆಗಲೇ ಬಸುರಿಯಾಗಿದ್ದರಂತೆ; ಮುಟ್ಟು ತಪ್ಪಿತ್ತು, ಆದರೆ ಅವರಿಗೇ ಖಾತ್ರಿ ಇರಲಿಲ್ಲ. ಕಿರಣ ತಾಗಿದ ಮಗು ಸರಿಯಾಗಿ ಹುಟ್ಟುವುದಿಲ್ಲ, ತೆಗೆಸಿಬಿಡು ಎಂದು ಅತ್ತೆ ಪಟ್ಟು ಹಿಡಿದಿದ್ದಾರೆ.

“ಅವತ್ತು ಆ ಅಂಗಿ ಯಾಕಕ್ಕ ಕಟ್ಟಲಿಲ್ಲ?”

ಬಾಗಿಲಕ್ಕ ದರ್ಜಿಯ ಕೈ ಹಿಡಿದು ಎಕ್ಸ್‌ರೇ ವಿಭಾಗದ ಡಾಕ್ಟರಮ್ಮನ ಬಳಿ ಕರೆದೊಯ್ಯುತ್ತಾರೆ.

ಡಾಕ್ಟರಮ್ಮ ಸಮಾಧಾನದಿಂದಲೇ ವಿವರಿಸುತ್ತಾರೆ. ಎದೆಯ ಎಕ್ಸ್‌ರೇಯಲ್ಲಿ ಗರ್ಭಕ್ಕೆ ತಲುಪುವ ವಿಕಿರಣ ತೀರಾ ಅಲ್ಪ. ಮಣ್ಣು, ಕಲ್ಲು, ಆಕಾಶದಿಂದ ಕೆಲವು ದಿನಗಳಲ್ಲಿ ಎಲ್ಲರಿಗೂ ತಾನಾಗಿ ಬರುವಷ್ಟೇ. ಅದಕ್ಕಾಗಿ ಗರ್ಭ ತೆಗೆಸಬೇಕಿಲ್ಲ. ಆ ಅಲ್ಪವೂ ಹೆಚ್ಚಾಗಿ ಮೈಯೊಳಗಿನಿಂದಲೇ ಚದುರಿ ಬರುವುದರಿಂದ ಹೊರಗೆ ಕಟ್ಟಿದ ಸೀಸ ತಡೆಯುವುದು ಅಷ್ಟಕ್ಕಷ್ಟೆ. ಆ ಅಂಗಿ ಜಾರಿ ಚಿತ್ರಕ್ಕೆ ಅಡ್ಡ ಬಂದರೆ ಮತ್ತೊಮ್ಮೆ ತೆಗೆಯಬೇಕಾಗುತ್ತದೆ.

“ಹಾಗಿದ್ರೆ ಬಸುರಿನಾ ಅಂತ ಕೇಳೋದಾದ್ರೂ ಯಾಕೆ?” ಎನ್ನುತ್ತಾರೆ ದರ್ಜಿ. ಬಾಗಿಲಕ್ಕನ ಮುಖದಲ್ಲೂ ಅದೇ ಪ್ರಶ್ನೆ. ಹೊಟ್ಟೆಯ ಸಿ.ಟಿ.ಯಂಥ ಪರೀಕ್ಷೆಗಳಲ್ಲಿ ವಿಕಿರಣ ಹೆಚ್ಚು, ಎನ್ನುತ್ತಾರೆ ಡಾಕ್ಟರಮ್ಮ. ಮೊದಲೇ ಗೊತ್ತಿದ್ದರೆ ಕಾಯಬಹುದೇ, ಬೇರೆ ಪರೀಕ್ಷೆ ಸಾಕೇ ಎಂದು ಯೋಚಿಸಬಹುದು. ತಾಯಿಯ ಚಿಕಿತ್ಸೆಗೆ ಬೇಕೇಬೇಕೆಂದರೆ ಸಿ.ಟಿ.ಯನ್ನೂ ಮಾಡುತ್ತೇವೆ ಎಂದು ಸೇರಿಸುತ್ತಾರೆ. ಇಬ್ಬರೂ ತಲೆಯಾಡಿಸುತ್ತಾರೆ.

ಹೊರಗೆ ಬಂದ ಮೇಲೆ ಅರ್ಥವಾಯಿತಾ ಎಂದು ಬಾಗಿಲಕ್ಕ ಕೇಳುತ್ತಾರೆ. “ಅರ್ಧ ಆಯ್ತು. ಇನ್ನರ್ಧ ನಿಮಗಾಗಿರುತ್ತೆ ಅಂದ್ಕೊಂಡೆ,” ಎನ್ನುತ್ತಾರೆ ದರ್ಜಿ. ಪಕ್ಕದ ಕೋಣೆಯಲ್ಲಿ ಹೊಟ್ಟೆಯೊಳಗಿನ ಮಗುವನ್ನು ನೋಡುವ ಸ್ಕ್ಯಾನಿಂಗ್‌ಗೂ ಅವರಿಗೆ ಭಯ. ಅದರಲ್ಲಿ ಕಿರಣವಿಲ್ಲ, ಬರೀ ಶಬ್ದ ಎಂದು ಬಾಗಿಲಕ್ಕ ಧೈರ್ಯ ಹೇಳುತ್ತಾರೆ. ಶಬ್ದವಾದರೆ ಕಿವಿಗೆ ಯಾಕೆ ಕೇಳಿಸುವುದಿಲ್ಲ ಎಂದು ದರ್ಜಿ ಕೇಳಿದರೆ, ಅದನ್ನು ಡಾಕ್ಟರಮ್ಮನನ್ನೇ ಕೇಳಬೇಕು ಎನ್ನುತ್ತಾರೆ.

ಅಷ್ಟರಲ್ಲಿ ಸೊಂಟನೋವಿನ ಅಜ್ಜಿಯೊಬ್ಬರು ಬರುತ್ತಾರೆ. ಇನ್ನು ಸುತ್ತಿ ಬಳಸಿ ಕೇಳಬಾರದೆಂದುಕೊಂಡ ಬಾಗಿಲಕ್ಕ, ಹೊಟ್ಟೆಯಲ್ಲಿ ಮಗು ಇದೆಯಾ ಎಂದೇಬಿಡುತ್ತಾರೆ. “ನಮ್ಮ ಯಜಮಾನ್ರನ್ನ ಕೇಳಿ ಹೇಳ್ತೀನಿ,” ಎನ್ನುತ್ತಾರೆ ಅಜ್ಜಿ.

ದರ್ಜಿಗೆ ನಗು ಬರುವುದಿಲ್ಲ. ಡಾಕ್ಟರು ಹೇಳಿದರೆ ತಪ್ಪು ಮುಚ್ಚಿಹಾಕುತ್ತಿದ್ದಾರೆ ಎನ್ನುವವರು ಅತ್ತೆ. ಅದಕ್ಕೇ ದರ್ಜಿ ಅವರಿಗೆ ಫೋನು ಹಚ್ಚಿ ಬಾಗಿಲಕ್ಕನ ಕೈಗೇ ಕೊಡುತ್ತಾರೆ. ನೀವು ಯಾರು ಎಂದು ಅತ್ತ ಕಡೆಯಿಂದ ಗಡುಸಾದ ಪ್ರಶ್ನೆ.

“ಡಾಕ್ಟರಲ್ಲಮ್ಮ, ಬಾಗಿಲಲ್ಲಿ ನಿಲ್ಲೋಳು. ಸರಿಯಾಗಿ ಕೇಳದೆ ಒಳಗೆ ಬಿಟ್ಟವಳು ನಾನೇ. ಡಾಕ್ಟರಮ್ಮ ಹೇಳಿದ್ದು ನನಗೂ ಪೂರ್ತಿ ತಿಳಿದಿಲ್ಲ. ಆದ್ರೆ ಮಗು ತೆಗೆಸಬೇಕಾಗಿಲ್ಲ ಅಂದಿದ್ದು ಚೆನ್ನಾಗಿ ತಿಳಿದಿದೆ.”

ಅತ್ತೆ ಹೇಳಿದ್ದನ್ನು ಬಾಗಿಲಕ್ಕ ತಲೆ ತಗ್ಗಿಸಿ ಕೇಳಿಸಿಕೊಂಡು, ಫೋನನ್ನು ಸೆರಗಿನಲ್ಲಿ ಒರೆಸಿ ದರ್ಜಿಗೆ ಕೊಡುತ್ತಾರೆ.

“ಬಸ್ಸಲ್ಲಿ ನಿಂತ್ಕೊಂಡು ಬರಬಾರದಂತೆ. ಸೀಟು ಸಿಕ್ಕಿದ್ರಷ್ಟೇ ಹತ್ತಬೇಕಂತೆ.”