ಹದಿನಾಲ್ಕನೇ ಕೋಣೆಯಲ್ಲಿ ಯಾರೂ ಇಲ್ಲ

ಆ ಧಾರಾವಾಹಿಯ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನೀವೂ ನೋಡಲು ಶುರುಮಾಡುತ್ತೀರಿ. ನೋಡಿದ ಮೇಲೆ ಸುಮ್ಮನಿರಲು ನಿಮ್ಮಿಂದಾಗುವುದಿಲ್ಲ. ಒಂದು ಊಹೆ ಹುಟ್ಟುತ್ತದೆ, ಅದನ್ನು ಯಾರಿಗಾದರೂ ಹೇಳಲೇಬೇಕಾಗುತ್ತದೆ, ಕೊನೆಗೆ ಪುತ್ತೂರಿನಲ್ಲಿರುವ ನನ್ನ ಕನ್ನಡಕದ ಅಂಗಡಿಗೆ ಬಂದು ನನ್ನ ತಲೆ ತಿನ್ನುತ್ತೀರಿ. ಈಗಾಗಲೇ ತಿನ್ನುತ್ತಿರುವವರು ಸಾಕಷ್ಟು ಇದ್ದಾರೆ.

ಕಥೆ ಇಷ್ಟೇ. ಒಂದು ಗಗನನೌಕೆ ದೂರದ ಯಾವುದೋ ನಕ್ಷತ್ರಕ್ಕೆ ಹೊರಟಿದೆ. ಒಳಗೆ ಇನ್ನೂರು ಜನ ನಿದ್ರೆಯಲ್ಲಿದ್ದಾರೆ. ಎಚ್ಚರವಿರುವುದು ಇಬ್ಬರೇ: ಒಬ್ಬಳು ಡಾಕ್ಟರು, ಮತ್ತೆ ನೌಕೆಯನ್ನು ನಡೆಸುವ, ಮಾತನಾಡುವ ಯಂತ್ರ. ಹದಿನಾಲ್ಕನೇ ಕೋಣೆಗೆ ಬೀಗ ಹಾಕಿದೆ. ಅಲ್ಲಿ ಬಾಗಿಲು ಬಡಿಯುವ ಸದ್ದಾಗುತ್ತದೆ. ಒಳಗೆ ಯಾರು ಎಂದು ಡಾಕ್ಟರು ಕೇಳುತ್ತಾಳೆ, ಯಾರೂ ಇಲ್ಲ ಎಂದು ಯಂತ್ರ ಹೇಳುತ್ತದೆ. ಇದನ್ನೇ ಮೂರು ಸೀಸನ್ ಎಳೆದರು. ಮೂರನೆಯದರ ಕೊನೆಯ ಕಂತಿನಲ್ಲಿ ಅವಳು ಬಾಗಿಲಿನ ಹಿಡಿಗೆ ಕೈ ಹಾಕುತ್ತಾಳೆ, ಪರದೆ ಕಪ್ಪಾಗುತ್ತದೆ. ಆಮೇಲೆ ತಯಾರಿಸಿದವರು ಧಾರಾವಾಹಿಯನ್ನೇ ನಿಲ್ಲಿಸಿಬಿಟ್ಟರು. ಮುಂದುವರಿಸುವುದಿಲ್ಲವಂತೆ. ಅವರು ಕೈ ತೊಳೆದುಕೊಂಡರು, ಅನುಭವಿಸುತ್ತಿರುವವರು ನಾವು.

ಸುಳ್ಳು ಯಾಕೆ ಹೇಳಲಿ, ಈ ಕಾಯಿಲೆಯನ್ನು ಊರಿಗೆ ತಂದವನು ನಾನೇ. ಜ್ವರ ಬಂದು ಒಂದು ವಾರ ಮಲಗಿದ್ದಾಗ ಫೋನಿನಲ್ಲಿ ನೋಡಿದೆ. ಕನ್ನಡಕ್ಕೆ ಡಬ್ ಆಗಿತ್ತು. ಜ್ವರ ಬಿಟ್ಟಿತು, ಇದು ಬಿಡಲಿಲ್ಲ. ನನ್ನ ಹೆಂಡತಿ ಸುಮಿತ್ರಾಳ ಅಣ್ಣ, ಸುಳ್ಯದ ಈಶ್ವರ ಭಾವನಿಗೆ ಹೇಳಿದೆ. ಅವರು ಸರ್ವೆಯರ್ ಆಗಿ ನಿವೃತ್ತರಾದವರು. ಮೂವತ್ತು ವರ್ಷ ಜನರ ಗಡಿಕಲ್ಲು ಹುಡುಕಿದ ಮನುಷ್ಯ, ಈಗ ಹುಡುಕಲಿಕ್ಕೆ ಏನೂ ಇಲ್ಲದೆ ಕೂತಿದ್ದರು. ಅಂಥವರ ಕೈಗೆ ಬೀಗ ಹಾಕಿದ ಕೋಣೆಯೊಂದನ್ನು ಕೊಟ್ಟರೆ ಏನಾಗಬಹುದೆಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಭಾವ ಫೋನಿನಲ್ಲಿ ಗುಂಪು ಕಟ್ಟಿದರು. ಅದರ ಹೆಸರು ‘ಹದಿನಾಲ್ಕನೇ ಕೋಣೆ’. ಸುಳ್ಯ, ಪುತ್ತೂರು, ಕಡಬ ಸೇರಿ ಮೂವತ್ತು ಜನ ಆದರು. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಅವರಿಗೆ ಊಹೆ ಬರುತ್ತಿತ್ತು. ಕಡಬದ ಒಬ್ಬ ಮೇಷ್ಟ್ರು ಆ ಬಾಗಿಲಿನ ಚಿತ್ರವನ್ನು ದೊಡ್ಡದು ಮಾಡಿ ತಿರುಪು ಮೊಳೆ ಎಣಿಸಿದರು. ಮೊದಲ ಸೀಸನ್ನಿನಲ್ಲಿ ಎಂಟು, ಎರಡನೆಯದರಲ್ಲಿ ಏಳು. ಹಾಗಾದರೆ ಒಂದನ್ನು ಒಳಗಿನಿಂದ ಯಾರೋ ಬಿಚ್ಚಿದ್ದಾರೆ ಎಂದು ಎರಡು ಪುಟ ಬರೆದರು. ಸುಬ್ರಹ್ಮಣ್ಯದಲ್ಲಿ ಲಾಡ್ಜ್ ನೋಡಿಕೊಳ್ಳುವ ವಿಜಯಕ್ಕ ಅನುಭವದ ಮೇಲೆ ಮಾತನಾಡಿದರು. “ನಮ್ಮಲ್ಲಿ ಹದಿಮೂರು ಅಂತ ರೂಮು ಇಲ್ಲ, ಯಾರೂ ತೆಗೊಳ್ಳುದಿಲ್ಲ. ಹನ್ನೆರಡಾದ ಮೇಲೆ ಹದಿನಾಲ್ಕೇ. ಹಾಗಾಗಿ ಅದು ನಿಜಕ್ಕೂ ಹದಿಮೂರನೇ ರೂಮು. ಬೀಗ ಹಾಕಿದ್ದು ಅದಕ್ಕೇ.” ಇದಕ್ಕೆ ಇಪ್ಪತ್ತೆರಡು ಜನ ಕೈ ಮುಗಿದ ಚಿತ್ರ ಹಾಕಿದರು. ನನಗೆ ತಲೆ ಚಿಟ್ಟು ಹಿಡಿಯಿತು.

ನಮ್ಮ ಕಡೆಯವರ ಸ್ವಭಾವವೇ ಹೀಗೆ ಎಂದು ನನ್ನ ಅನುಮಾನ. ಕಾರಣವಿಲ್ಲದೆ ಏನೂ ಆಗುವುದನ್ನು ನಾವು ಒಪ್ಪುವುದಿಲ್ಲ. ದನ ಹಾಲು ಕೊಡದಿದ್ದರೆ, ಮಗಳಿಗೆ ಸಂಬಂಧ ಕೂಡಿಬರದಿದ್ದರೆ, ಹೊಸ ಬಾವಿಯ ನೀರು ಕೆಂಪಾದರೆ ಜೋಯಿಸರನ್ನು ಕರೆಸಿ ಪ್ರಶ್ನೆ ಇಡಿಸುತ್ತೇವೆ. ಅವರು ಕವಡೆ ಹಾಕಿ ಮೂರು ತಲೆಮಾರಿನ ಹಿಂದೆ ಯಾರೋ ಯಾರಿಗೋ ಹೇಳಿ ನಡೆಸದ ಹರಕೆಯನ್ನು ಹೊರಗೆಳೆಯುತ್ತಾರೆ. ಬಾವಿಯ ನೀರು ಆಮೇಲೂ ಕೆಂಪಾಗಿಯೇ ಇರಬಹುದು, ಆದರೆ ಯಾಕೆ ಕೆಂಪು ಎಂದು ಗೊತ್ತಾದ ಮೇಲೆ ಮನೆಯವರು ನೆಮ್ಮದಿಯಿಂದ ಊಟ ಮಾಡುತ್ತಾರೆ. ಇಂಥವರ ಎದುರು, ಎಲ್ಲಿಯೋ ಕೂತ ಯಾರೋ ಒಂದು ಬಾಗಿಲನ್ನು ಮುಚ್ಚಿ ಉತ್ತರ ಹೇಳದೆ ಎದ್ದು ಹೋದರೆ ಇವರು ಬಿಡುತ್ತಾರೆಯೇ?

ನನ್ನ ಅಭಿಪ್ರಾಯ ಸರಳ. ಒಳಗೆ ಯಾರೂ ಇಲ್ಲ. ಯಂತ್ರ ಹೇಳಿದ್ದು ನಿಜ. ಸದ್ದು ಯಾವುದೋ ಪೈಪಿನದ್ದು. ಇಷ್ಟು ಹೇಳಿದರೆ ನನ್ನನ್ನು ಎಲ್ಲರೂ ರಸಿಕತೆ ಇಲ್ಲದವನಂತೆ ನೋಡುತ್ತಿದ್ದರು. ಭಾವನ ಪ್ರಕಾರ ಒಳಗೆ ಒಬ್ಬ ಮನುಷ್ಯ ಇದ್ದಾನೆ, ಯಂತ್ರ ಸುಳ್ಳು ಹೇಳುತ್ತಿದೆ. ಸಾಕ್ಷಿ ಏನೆಂದರೆ, ಎರಡನೇ ಸೀಸನ್ನಿನ ಆರನೇ ಕಂತಿನಲ್ಲಿ ಬಾಗಿಲಿನ ಕೆಳಗಿನ ಸಂದಿಯಲ್ಲಿ ಒಂದು ನೆರಳು ಹಾದುಹೋಗುತ್ತದೆ. ನಾನು ಹತ್ತು ಸಲ ನೋಡಿದ್ದೇನೆ. ಯಾವ ನೆರಳೂ ಇಲ್ಲ.

ಪ್ರತಿ ಭಾನುವಾರ ಭಾವ ಸುಳ್ಯದಿಂದ ಮೊದಲ ಬಸ್ಸಿನಲ್ಲಿ ನಮ್ಮ ಮನೆಗೆ ಬರುವುದು ನನ್ನ ಮದುವೆಯಾದಂದಿನಿಂದ ನಡೆದುಬಂದ ಪದ್ಧತಿ. ಸುಮಿತ್ರಾ ನೀರುದೋಸೆ ಮಾಡುತ್ತಾಳೆ, ಅಣ್ಣನಿಗೆಂದು ಕಾಯಿಬೆಲ್ಲ ಕಲಸಿ ಇಡುತ್ತಾಳೆ. ಅಂಥ ಒಂದು ಭಾನುವಾರ ಭಾವ ನೆರಳಿನ ವಿಷಯ ತೆಗೆದರು. ನಾಲ್ಕನೇ ದೋಸೆಯವರೆಗೆ ನಾನು ಸಹಿಸಿಕೊಂಡೆ. ಐದನೆಯದಕ್ಕೆ ನನ್ನ ಬಾಯಿಯಿಂದ ಬಂತು: “ಭಾವ, ನೀವು ಒಮ್ಮೆ ಕಣ್ಣು ಟೆಸ್ಟ್ ಮಾಡಿಸಿಕೊಳ್ಳುದು ಒಳ್ಳೇದು.”

ಬೇರೆ ಯಾರು ಹೇಳಿದ್ದರೂ ಅದು ತಮಾಷೆ. ಕನ್ನಡಕದವನು ಹೇಳಿದರೆ ತೀರ್ಪು. ಮೂವತ್ತು ವರ್ಷ ಕಣ್ಣಳತೆಯಲ್ಲೇ ಬದುಕಿದ ಸರ್ವೆಯರ್‌ಗೆ, ತಂಗಿಯ ಎದುರು, ಆ ಮಾತು. ಭಾವ ಅರ್ಧ ದೋಸೆಯನ್ನು ಬಾಳೆಲೆಯಲ್ಲೇ ಬಿಟ್ಟು ಕೈ ತೊಳೆದು, ಕೊಡೆ ತೆಗೆದುಕೊಂಡು ಹೋದರು.

ಮುಂದಿನ ಭಾನುವಾರ ಬರಲಿಲ್ಲ. ಅದರ ಬದಲು ಗುಂಪಿಗೆ ಒಂದು ಕಾಗದದ ಫೋಟೋ ಬಂತು. ಸುಳ್ಯದ ಬೇರೆ ಯಾವುದೋ ಅಂಗಡಿಗೆ ಹೋಗಿ ಕಣ್ಣು ಪರೀಕ್ಷೆ ಮಾಡಿಸಿದ್ದರು. ದೂರದ ದೃಷ್ಟಿ ಆರಕ್ಕೆ ಆರು, ಅಂದರೆ ಪೂರ್ತಿ ಸರಿ. ಫೋಟೋದ ಕೆಳಗೆ ಭಾವ ತಮ್ಮದಾಗಿ ಒಂದು ಮಾತೂ ಬರೆದಿರಲಿಲ್ಲ. ನೋಡಿ ನಾನು ಉರಿದುಬಿದ್ದೆ. ಇಷ್ಟು ವರ್ಷ ಊರಿನವರ ಕಣ್ಣನ್ನೆಲ್ಲ ನೋಡಿದವನು ನಾನು, ನನ್ನ ಸ್ವಂತ ಭಾವ ಬೇರೆ ಅಂಗಡಿಯ ಕುರ್ಚಿಯಲ್ಲಿ ಕೂತರು.

ಹೀಗೆ ಐದು ಭಾನುವಾರ ಕಳೆದವು. ಸುಮಿತ್ರಾ ಹಿಟ್ಟನ್ನು ಕಡಿಮೆ ಮಾಡಲಿಲ್ಲ. ಕಾಯಿಬೆಲ್ಲವೂ ಇರುತ್ತಿತ್ತು. ಗೇಟಿನ ಸದ್ದಾದರೆ ಅಡುಗೆಮನೆಯಿಂದ ಇಣುಕುತ್ತಿದ್ದಳು, ನೋಡಿದರೆ ಪೇಪರಿನವನು. ಐದನೇ ವಾರ ನನ್ನೆದುರು ಕೂತು ಹೇಳಿದಳು, “ನಿಮಗೊಂದು ಫೋನ್ ಮಾಡ್ಲಿಕ್ಕೆ ಎಂತ ಆಗಿದೆ? ಅಲ್ಲಿ ಯಾರೋ ಇದ್ದಾರೆ ಅಂತ ಒಪ್ಪಿಕೊಂಡ್ರೆ ನಿಮ್ಮ ಗಂಟು ಹೋಗ್ತದಾ?” ಗಂಟು ಹೋಗುವುದಿಲ್ಲ. ಆದರೆ ಇಲ್ಲದ ನೆರಳನ್ನು ಇದೆ ಎಂದು ಹೇಳುವುದು ಹೇಗೆ? ನನಗೂ ನನ್ನ ಕಸುಬಿನ ಮರ್ಯಾದೆ ಇಲ್ಲವೇ? ಹೀಗೆಲ್ಲ ಅವಳಿಗೆ ಹೇಳಿದೆ. ಅವಳು ಎದ್ದು ಹೋಗಿ ಉಳಿದ ದೋಸೆಯನ್ನು ಪಕ್ಕದ ಮನೆಗೆ ಕೊಟ್ಟು ಬಂದಳು. ಆ ದಿನ ನನಗೆ ಯಾವುದೂ ರುಚಿಸಲಿಲ್ಲ.

ದಾರಿ ತೋರಿಸಿದ್ದು ವಿಜಯಕ್ಕ. ಭಾವನೂ ನಾನೂ ತಾಳಮದ್ದಳೆಯಲ್ಲಿ ಹವ್ಯಾಸಕ್ಕೆ ಅರ್ಥ ಹೇಳುವವರು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಪಾತ್ರಧಾರಿಗಳು ಅಂಗಿ ಪಂಚೆಯಲ್ಲೇ ಎದುರುಬದುರು ಕೂತು ಬಾಯಿಗೆ ಬಂದ ಹಾಗೆ, ಅಂದರೆ ಬರೆದುಕೊಳ್ಳದೆ, ವಾದ ಮಾಡುತ್ತಾರೆ; ಅದೇ ಅರ್ಥ ಹೇಳುವುದು. ಇಂಗ್ಲಿಷ್ ಶಬ್ದ ಬಂದರೆ ಮರ್ಯಾದೆ ಹೋಯಿತು. “ಇಬ್ಬರಿಗೂ ಮಾತಾಡುವ ಚಟ ಉಂಟು. ಒಂದು ತಾಳಮದ್ದಳೆ ಇಟ್ಟು ತೀರ್ಮಾನ ಮಾಡಿಬಿಡುವ” ಎಂದು ವಿಜಯಕ್ಕ ಬರೆದರು. ಮೂವತ್ತು ಜನವೂ ಹೂಂಗುಟ್ಟಿದರು. ಪರಿಚಯದ ಭಾಗವತರಾದ ಶ್ಯಾಮಣ್ಣ ಎಂಟು ಪದ್ಯ ಕಟ್ಟಿದರು. ಪುತ್ತೂರಿನ ಹತ್ತಿರದ ಕಬಕದಲ್ಲಿ ಅಂಗಡಿಗಳ ಮೇಲಿನ ಒಂದು ಮಹಡಿ ಗೊತ್ತುಮಾಡಿದೆವು. ಯಂತ್ರದ ಪಾತ್ರ ನನಗೆ, ಡಾಕ್ಟರಮ್ಮನ ಪಾತ್ರ ದಪ್ಪ ಮೀಸೆಯ ಭಾವನಿಗೆ.

ಭಾನುವಾರ ಮಧ್ಯಾಹ್ನ ಎರಡಕ್ಕೆ ಚೆಂಡೆಗೆ ಪೆಟ್ಟು ಬಿತ್ತು. ಸುಮಿತ್ರಾ ಮೊದಲ ಸಾಲಿನಲ್ಲಿ ಚಹಾದ ಫ್ಲಾಸ್ಕು ಇಟ್ಟುಕೊಂಡು ಕೂತಿದ್ದಳು. ಭಾವ ನನ್ನ ಮುಖ ನೋಡದೆ ಬಂದು ಎದುರು ಕೂತರು. ಆದರೆ ಬಾಯಿ ತೆರೆದರೆ ಏನು ಮಾತು! ಆಕ್ಸಿಜನ್ನು ಪ್ರಾಣವಾಯುವಾಯಿತು, ಸ್ಪೇಸ್‌ಶಿಪ್ಪು ಗಗನನೌಕೆಯಾಯಿತು, ಪಾಸ್‌ವರ್ಡು ಗುಪ್ತಾಕ್ಷರವಾಯಿತು. ನಾನೂ ಬಿಡಲಿಲ್ಲ. ಯಂತ್ರಕ್ಕೆ ಆಸೆಯಿಲ್ಲ, ಆಸೆಯಿಲ್ಲದವನಿಗೆ ಸುಳ್ಳಿನಿಂದ ಲಾಭವಿಲ್ಲ ಎಂದು ಮುಕ್ಕಾಲು ಗಂಟೆ ಹೇಳಿದೆ. ಜನ ತಲೆದೂಗಿದರು. ಐದು ವಾರದ ಮೇಲೆ ಭಾವ ನನ್ನೊಡನೆ ಮಾತನಾಡುತ್ತಿದ್ದರು, ಡಾಕ್ಟರಮ್ಮನಾಗಿಯಾದರೂ. ನನಗೆ ಒಳಗೊಳಗೇ ಖುಷಿಯೇ ಆಗುತ್ತಿತ್ತು.

ನಾಲ್ಕೂವರೆಯ ಹೊತ್ತಿಗೆ ನಾವು ಮಾಡಿದ ತಪ್ಪು ಗೊತ್ತಾಯಿತು. ಪುರಾಣದ ಪ್ರಸಂಗದಲ್ಲಿ ಯಾರು ಎಷ್ಟು ಚೆನ್ನಾಗಿ ವಾದಿಸಿದರೂ ಸಾಯಬೇಕಾದ ರಾಕ್ಷಸ ಹೊತ್ತಿಗೆ ಸರಿಯಾಗಿ ಸಾಯುತ್ತಾನೆ. ಅವನಿಗೆ ಎಷ್ಟೇ ಮಾತು ಬಾಕಿ ಇರಲಿ, ಭಾಗವತರು ಪದ್ಯ ಎತ್ತಿದ ಕೂಡಲೆ ಸೋತು ಮನೆಗೆ ಹೋಗಿ ಊಟ ಮಾಡುತ್ತಾನೆ, ಅವಮಾನವಿಲ್ಲ. ಕಥೆಯೇ ಹಾಗಿದೆಯಲ್ಲ. ನಮ್ಮ ಪ್ರಸಂಗಕ್ಕೆ ಕೊನೆಯೇ ಇಲ್ಲ. ಬರೆದವರೇ ಬಿಟ್ಟು ಹೋಗಿದ್ದಾರೆ. ಸೋಲಬೇಕೆಂದು ಯಾರಿಗೂ ಬರೆದಿಲ್ಲ. ನಮ್ಮ ಸೀಮೆಯಲ್ಲಿ ಸೋಲಬೇಕಾಗಿಲ್ಲದ ಇಬ್ಬರು ಅರ್ಥಧಾರಿಗಳನ್ನು ಎದುರುಬದುರು ಕೂರಿಸಿದರೆ ಮುಂದಿನ ವರ್ಷದವರೆಗೂ ಎಬ್ಬಿಸಲಿಕ್ಕಾಗುವುದಿಲ್ಲ.

ಐದಕ್ಕೆ ಶ್ಯಾಮಣ್ಣ ಎಂಟನೇ ಪದ್ಯವನ್ನು ಮೂರನೇ ಸಲ ಹಾಡಿದರು. ಚೆಂಡೆಯವರು ವಿಟ್ಲದ ಬಸ್ಸಿನ ಹೊತ್ತು ನೋಡುತ್ತಿದ್ದರು. ಕಡಬದವರು ಒಬ್ಬೊಬ್ಬರೇ ಎದ್ದು ಹೋದರು. ಶ್ಯಾಮಣ್ಣ ತಾಳದ ಮರೆಯಲ್ಲಿ ನನ್ನ ಕಿವಿಗೆ ಬಗ್ಗಿ, “ಯಾರಾದ್ರೂ ಒಬ್ರು ಸೋಲಿ ಮಾರಾಯ್ರೆ, ನನ್ನತ್ರ ಪದ್ಯ ಇಲ್ಲ” ಎಂದರು. ಸೋಲುವುದೇ? ಭಾವನೇ ಸೋಲಲಿ ಎಂದುಕೊಂಡೆ.

ಆಗ ಭಾವ ಸ್ವಲ್ಪ ಮುಂದೆ ಸರಿದು, ಅವತ್ತು ಮೊದಲ ಸಲ ನನ್ನ ಮುಖ ನೋಡಿ ಹೇಳಿದರು: “ಎಲೈ ಯಂತ್ರವೇ, ಒಳಗೆ ಯಾರೂ ಇಲ್ಲವೆಂದು ಹೇಳುವ ನೀನು ಒಮ್ಮೆಯಾದರೂ ಬಾಗಿಲು ತೆರೆದು ನೋಡಿದ್ದುಂಟೇ? ತೆರೆದರೆ ನಿನ್ನ ಮಾತು ಸುಳ್ಳಾದೀತೆಂಬ ಭಯದಿಂದ ಇಷ್ಟು ದಿನ ಬೀಗ ಹಾಕಿ ಕುಳಿತೆ. ಬಡಿಯುವವರಿಗಿಂತ ನಿನಗೆ ನಿನ್ನ ಮಾತೇ ದೊಡ್ಡದಾಯಿತೇ?”

ನನ್ನ ಬಳಿ ಉತ್ತರವಿರಲಿಲ್ಲ ಎಂದಲ್ಲ. ಪೈಪಿನ ವಿಷಯವೇ ಇನ್ನೂ ಬಾಕಿ ಇತ್ತು. ಆದರೆ ಮೊದಲ ಸಾಲಿನಲ್ಲಿ ಸುಮಿತ್ರಾ ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸುತ್ತ ತೆಗೆಯದೆ ಕೂತಿದ್ದಳು. ಗೇಟಿನ ಸದ್ದಿಗೆ ಅವಳು ಇಣುಕುತ್ತಿದ್ದದ್ದು ನೆನಪಾಯಿತು. “ಹೌದು. ನನಗೆ ನನ್ನ ಮಾತೇ ದೊಡ್ಡದಾಗಿತ್ತು. ತಪ್ಪಾಯಿತು. ಬಾಗಿಲು ತೆರೆಯುತ್ತೇನೆ” ಎಂದೆ. ಶ್ಯಾಮಣ್ಣ ಉಸಿರು ಬಿಟ್ಟು ಆ ಕ್ಷಣವೇ ಮಂಗಳ ಹಾಡಿದರು.

ಮಹಡಿ ಇಳಿಯುವಾಗ ಭಾವ ಹಿಂದಿನಿಂದ ಬಂದು ಕೇಳಿದರು (ಅವರೂ ನನ್ನನ್ನು ಭಾವ ಎಂದೇ ಕರೆಯುವುದು): “ಭಾವ, ನೀವು ಯಾಕೆ ಸೋತದ್ದು? ನಿಮ್ಮತ್ರ ಇನ್ನೊಂದು ವಾದ ಇತ್ತಲ್ಲ.”

“ಪೈಪಾ?”

“ಪೈಪಲ್ಲ ಮಾರಾಯ್ರೆ. ಬಾಗಿಲಿಗೆ ಎರಡು ಬದಿ ಉಂಟು. ಬೀಗ ಹಾಕಿದ ಕೋಣೆಯೊಳಗೆ ಇರುದು ಆ ಡಾಕ್ಟ್ರೇ ಆಗಿದ್ರೆ? ಬಡಿಯುವವರು ಹೊರಗಿದ್ರೆ? ಆಗ ಒಳಗೆ ಬೇರೆ ಯಾರೂ ಇಲ್ಲ ಅಂತ ಯಂತ್ರ ಹೇಳಿದ್ದು ನಿಜವೇ ಆಗ್ತದಲ್ಲ. ಅದಕ್ಕೆ ನನ್ನತ್ರ ಉತ್ತರ ಇರ್ಲಿಲ್ಲ. ನೀವು ಅದನ್ನು ಹೇಳಿದ ಕೂಡಲೇ ಸೋಲುವ ಅಂತ ನಾನು ಮೂರು ಗಂಟೆಯಿಂದ ಕಾಯ್ತಾ ಇದ್ದೆ. ನಿಮಗೆ ಹೊಳೆಯಲೇ ಇಲ್ಲ.”

ಮುಂದಿನ ಭಾನುವಾರ ಗೇಟಿನ ಸದ್ದಾಯಿತು, ಈ ಸಲ ಪೇಪರಿನವನಲ್ಲ. ಭಾವ ಒಂಬತ್ತು ದೋಸೆ ತಿಂದರು. ಕೈ ತೊಳೆದು ಬಂದು, “ನಿಮ್ಮ ಅಂಗಡಿ ಒಮ್ಮೆ ತೆಗಿಲಿಕ್ಕೆ ಆಗ್ತದಾ?” ಎಂದರು. ರಜೆಯ ದಿನ ಶಟರ್ ಎತ್ತಿದೆ. ಅವರು ಕಿಸೆಯಿಂದ ಆ ಹಳೆಯ ಕಾಗದ ತೆಗೆದುಕೊಟ್ಟರು. ಆರಕ್ಕೆ ಆರು ಎಂದು ಬರೆದದ್ದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: ‘ಕನ್ನಡಕ ಹಾಕಿದಾಗ’. ಕಣ್ಣಿನ ಕಸುಬಿನವನಾದ ನಾನು ಸಿಟ್ಟಿನಲ್ಲಿ ಅದನ್ನು ಓದಿಯೇ ಇರಲಿಲ್ಲ. “ಪವರು ಉಂಟಂತೆ. ಕನ್ನಡಕ ಅಲ್ಲಿ ಮಾಡಿಸ್ಲಿಲ್ಲ. ಅದು ನಿಮ್ಮಲ್ಲೇ ಆಗಬೇಕು ಅಂತ ಬಿಟ್ಟೆ” ಎಂದರು ಭಾವ, ಗೋಡೆ ನೋಡುತ್ತ.

ಕುರ್ಚಿಯಲ್ಲಿ ಕೂರಿಸಿದೆ. ಎದುರಿನ ಅಕ್ಷರಗಳಲ್ಲಿ ನಾಲ್ಕನೇ ಸಾಲಿನವರೆಗೆ ಸಲೀಸಾಗಿ ಓದಿದರು. ಐದನೆಯದಕ್ಕೆ ಸ್ವಲ್ಪ ತಡೆದು, “ಇದು ‘ಮ’ ಇರಬೇಕು. ಮೇಲೆ ಎಲ್ಲಿಯೂ ‘ಮ’ ಬರ್ಲಿಲ್ಲ, ಬಾರದೆ ಇರ್ಲಿಕ್ಕಿಲ್ಲ” ಎಂದರು. ನಾನು ಬಾಯಿ ಬಿಗಿಹಿಡಿದು ಗಾಜು ಬದಲಿಸಿದೆ. “ಈಗ?”

ಭಾವ ಬಹಳ ಹೊತ್ತು ನೋಡಿದರು.

“ಈಗ ‘ವ’ ಕಾಣ್ತದೆ” ಎಂದರು. “ಆದ್ರೆ ಭಾವ, ನಾನು ಮೊದಲು ಹೇಳಿದ್ದೇ ಸರಿ ಅಂತ ನನಗೆ.”

ನಾನು ಪವರ್ ಬರೆದುಕೊಂಡೆ. ಫ್ರೇಮು ಆರಿಸಲಿಕ್ಕೆ ಪೆಟ್ಟಿಗೆ ತೆಗೆದು ಅವರ ಮುಂದಿಟ್ಟೆ.