ಹಾಶಿಮನ ಅಡ್ಡ ಹಾಳೆ

ಮುಂಬಯಿಯ ಪವಾಯಿಯ ಕಲ್ಲಿನ ಖಣಿಯಲ್ಲಿ ದುಡಿದ ಮೂವತ್ತೆರಡು ಮಂದಿಗೆ ಹನ್ನೊಂದು ವಾರದ ಕೂಲಿ ಇನ್ನೂ ಬರಬೇಕು. ಅವರ ಅರ್ಜಿ ಟೈಪು ಮಾಡಿದವನು ವಿಜಾಪುರದ ಹಾಶಿಮ. ಧಾರಾವಿಯಲ್ಲಿ ಚರ್ಮ ಹದ ಮಾಡಿ ಮಾಡಿ ಕೈ ಹುಣ್ಣಾದ ಮೇಲೆ ಟೈಪಿಂಗ್ ಕಲಿತು, ೧೯೭೩ರಲ್ಲಿ ಘಾಟ್ಕೋಪರ್ ಸ್ಟೇಷನ್ನಿನ ಹೊರಗೆ ಮಷಿನ್ನು ಇಟ್ಟುಕೊಂಡು ಕೂತಿದ್ದ.

ಹೆಸರಿಗೊಂದು, ವಾರಕ್ಕೊಂದರಂತೆ ಹನ್ನೊಂದು, ಒಟ್ಟು ಮೊತ್ತಕ್ಕೊಂದು, ಹೀಗೆ ಹದಿಮೂರು ಕಾಲಮ್ಮಿನ ಪಟ್ಟಿ. ಹಾಳೆ ಉದ್ದಕ್ಕೆ ಹಾಕಿದರೆ ಹಿಡಿಸದು. ಹಾಶಿಮ ಅಗಲ ಹಾಳೆ ಹಿಡಿಸುವ ಉದ್ದ ಕ್ಯಾರೇಜಿನ ಮಷಿನ್ನು ಬಾಡಿಗೆಗೆ ತಂದು, ಹಾಳೆಯನ್ನು ಅಡ್ಡ ಹಾಕಿ ಹೊಡೆದ. ಸರಕಾರಿ ಕಚೇರಿಯ ಗುಮಾಸ್ತ, ಸೊಲ್ಲಾಪುರದವನು, ಅದನ್ನು ಮರಳಿಸಿದ. ಫೈಲಿನಲ್ಲಿ ಎಲ್ಲ ಹಾಳೆಯೂ ನಿಂತಿರಬೇಕಂತೆ, ಇದೊಂದು ಮಲಗಿದೆಯಂತೆ! ಎರಡು ಹಾಳೆಗೆ ಒಡೆದು ಒಯ್ದರೆ, “ಎರಡನೇದ್ರಾಗ ಹೆಸರs ಇಲ್ಲ, ಯಾರ ಬಾಕಿ ಇದು?” ಎಂದ. ಅಂಟಿಸಿ ಒಯ್ದರೆ, ಅಂಟಿಸಿದ್ದು ನಡೆಯುವುದಿಲ್ಲ ಎಂದ.

ನಾಲ್ಕನೆಯ ಸಲ ಹಾಶಿಮ ಮೊದಲಿನ ಅಡ್ಡ ಹಾಳೆಯನ್ನೇ ಮೇಜಿನ ಮೇಲೆ ಕುಕ್ಕಿದ. ಜೊತೆಗೆ ಖಣಿಯ ಸುಂದ್ರವ್ವ ಬಂದಿದ್ದಳು.

“ಅಡ್ಡ ಓದಿದ್ರ ಸಾಹೇಬ್ರ ಕುತ್ತಿಗಿ ನೋಯ್ತದ,” ಎಂದ ಗುಮಾಸ್ತ.

“ಕುತ್ತಿಗಿ ಯಾಕ ತಿರುವ್ತೀರಿ? ಫೈಲ್ ತಿರುವ್ರಿ,” ಎಂದ ಹಾಶಿಮ.

ಸುಂದ್ರವ್ವ ಮುಂದೆ ಬಂದಳು. “ನಾವು ಗುಡ್ಡಾನs ಒಡದು ಹೊತ್ತೇವಿ. ನಿಮ್ಮ ಸಾಹೇಬಗ ಒಂದ್ ಹಾಳಿ ತಿರುವಾಕ ಆಗಂಗಿಲ್ಲೇನೋ ಯಪ್ಪಾ?”

ಗುಮಾಸ್ತ ಹಲ್ಲು ಕಿರಿದು ಹಾಳೆ ಇಟ್ಟುಕೊಂಡ. ಸಾಹೇಬ ಅದನ್ನು ಇಂದಿಗೂ ತಿರುಗಿಸಿಲ್ಲ.

ಆ ಸಾಹೇಬನಂಥದೇ ಕುರ್ಚಿಯಲ್ಲಿ ಕೂತು ಇದನ್ನು ಓದುತ್ತಿರುವವರೇ, ನಿಮ್ಮ ಕಪಾಟಿನಲ್ಲೂ ಇಂಥ ಹಾಳೆ ಇದೆ. ಎದ್ದು ತೆಗೆಯಿರಿ, ತಿರುಗಿಸಿ ಓದಿ, ಇವತ್ತೇ ಹುಕುಂ ಬರೆಯಿರಿ.