ಮಿಲ್ಲಿನಲ್ಲಿ ಬೆರೆತ ಹಿಟ್ಟು

ಮುಂದಿನ ಸೋಮವಾರ ನಾನು ಶಾಲೆಗೆ ಹೋಗಲೇಬೇಕಿತ್ತು. ಹೆರಿಗೆ ರಜೆ ಮುಗಿಯುತ್ತಿತ್ತು. ಆದರೆ ಬುಧವಾರ ಬಂದರೂ ಮಗಳ ಹೊಟ್ಟೆಗೆ ನನ್ನ ಹಾಲು ಬಿಟ್ಟರೆ ಬೇರೇನೂ ಇಳಿದಿರಲಿಲ್ಲ. ಹೊಳೆನರಸೀಪುರದಿಂದ ಬಸ್ಸು ಹಿಡಿದು ಅರಕಲಗೂಡಿಗೆ ಹೋಗಿ, ಪಾಠ ಮಾಡಿ ಬರುವಷ್ಟರಲ್ಲಿ ಸಂಜೆ. ಬಾಟಲಿ ಕಂಡರೆ ಮುಖ ತಿರುಗಿಸುವ, ಆರು ತಿಂಗಳು ತುಂಬಿದ ಕೂಸು ಅಲ್ಲಿಯವರೆಗೆ ಏನು ಕುಡಿದು, ಏನು ತಿಂದು ಇರಬೇಕು?

ನಮ್ಮತ್ತೆಗೆ ಮಾತ್ರ ಯಾವ ಚಿಂತೆಯೂ ಇರಲಿಲ್ಲ. ರಾಗಿ ನೆನೆಸಿ, ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಮಿಕ್ಸಿಯಲ್ಲಿ ಪುಡಿ ಮಾಡಿ, ಹಳೇ ಪಂಚೆಯಲ್ಲಿ ಸೋಸಿ, ಕೂಸಿಗೆ ಗಂಜಿ ಕಾಯಿಸುವ ಸರಿ ಹಿಟ್ಟು ತಯಾರಿಸಿದ್ದರು. "ನಿನ್ ಗಂಡ ಇದುನ್ನೇ ತಿಂದು ಬೆಳ್ದಿದ್ದು ಕಣವ್ವ" ಅಂತ ಜಂಬ ಬೇರೆ. ಮೊಮ್ಮಗಳು ಮೊದಲ ಚಮಚವನ್ನು ಅವರ ಮುಖಕ್ಕೇ ಉಗಿದಳು. ಎರಡು ದಿನ ಅದೇ ಕಥೆ.

"ಮಿಕ್ಸಿ ಬಿಸಿಗೆ ರಾಗಿ ಇಟ್ಟು ಕೆಟ್ಟೈತೆ" ಎಂದು ತಪ್ಪನ್ನು ಮಿಕ್ಸಿ ಮೇಲೆ ಹೊರಿಸಿ, ಉಳಿದ ಒಂದು ಸೇರು ಮೊಳಕೆ ರಾಗಿ ಕೊಟ್ಟು ನನ್ನನ್ನು ಮಿಲ್ಲಿಗೆ ಅಟ್ಟಿದರು. "ಬ್ಯಾರೆಯವ್ರ ರಾಗಿ ಬೀಸಿದ್ಮ್ಯಾಲೇ ಆಕ್ಸು. ಗೋಧಿ ಬೀಸಿದ್ಮ್ಯಾಲೆ ಬ್ಯಾಡ."

ನಾನು ಹಾಗೇ ಕೇಳಿದೆ. "ಈಗ ಬೀಸಿದ್ದು ರಾಗೀನೇ ಮೇಡಂ" ಅಂದ ಮಿಲ್ಲಿನವನು. ಮನೆಯಲ್ಲಿ ಕೂಸು ಅಳುತ್ತಿರುತ್ತದೆ ಅನ್ನುವ ಅವಸರದಲ್ಲಿ ನಾನು ಮುಂದೆ ಕೇಳಲಿಲ್ಲ.

ಸಂಜೆ ಅತ್ತೆ ಹೊಸ ಹಿಟ್ಟಿನ ಸರಿ ಕಾಯಿಸಿ, ಆರಿಸಿ, ಚಮಚದ ತುದಿಯಲ್ಲಿ ಇಷ್ಟೇ ಇಷ್ಟು ಇಟ್ಟರು. ಮಗಳು ಚಪ್ಪರಿಸಿದಳು. ನಾವಿಬ್ಬರೂ ಉಸಿರು ಬಿಗಿಹಿಡಿದೆವು. ನುಂಗಿದಳು! ಮತ್ತೆ ಬಾಯಿ ತೆರೆದಳು! ಮೂರನೇ ಚಮಚಕ್ಕೆ ತಾನೇ ಮುಂದೆ ಬಾಗಿ ಬಟ್ಟಲಿಗೆ ಕೈ ಹಾಕಿದಳು, ಹುಬ್ಬಿನವರೆಗೂ ಸರಿ ಮೆತ್ತಿಕೊಂಡಳು. ನಾನು ಅಡುಗೆಮನೆಯಲ್ಲೇ ಕುಣಿದುಬಿಟ್ಟೆ. ಅತ್ತೆ ಬಟ್ಟಲಲ್ಲಿ ಬೆರಳದ್ದಿ ನೆಕ್ಕಿದರು, ಮುಖ ಸಣ್ಣದಾಯಿತು.

"ಇದು ನಮ್ ಇಟ್ಟಲ್ಲ ಕಣವ್ವ. ಏನೋ ಸೇರ್ಕಂಡೈತೆ."

ಏನು ಬೆರೆತಿದೆಯೋ! ಕೂಸನ್ನು ಅವರ ಕೈಗೆ ಕೊಟ್ಟು, ಚಪ್ಪಲಿಯನ್ನೂ ಮೆಟ್ಟದೆ ಮಿಲ್ಲಿಗೆ ಓಡಿದೆ. ಬಾಗಿಲು ಎಳೆಯುತ್ತಿದ್ದವನು ತಲೆ ಕೆರೆದುಕೊಂಡ. "ರಾಗೀನೇ ಮೇಡಂ. ಆದ್ರೆ ಅರಳು ರಾಗಿ. ಇಂದ್ಗಡೆ ಬೀದಿ ಅಜ್ಜೀದು, ಉರಿಟ್ಟು. ನಿಮ್ದು ಒಂದೇ ಸೇರಲ್ವಾ, ಮಿಷನ್ನಲ್ಲಿ ಕುಂತಿದ್ದು ಬೆರ್ತೋಗೈತೆ."

ಅಬ್ಬಾ! ರಾಗಿಗೆ ಮಜ್ಜಿಗೆ ಚಿಮುಕಿಸಿ, ಕಾದ ಬಾಣಲೆಯಲ್ಲಿ ಪಟಪಟ ಅರಳಿಸಿ ಬೀಸಿದ ಹುರಿಹಿಟ್ಟು. ಮಗಳು ಮನಸೋತದ್ದು ಆ ಅರಳಿನ ಘಮಕ್ಕೆ. ಅಲ್ಲಿಂದ ನೇರ ಆ ಅಜ್ಜಿಯ ಮನೆಗೇ ಹೋದೆ. ವಿಷಯ ಕೇಳಿ ಅಜ್ಜಿ ಬೊಚ್ಚುಬಾಯಿ ತುಂಬ ನಕ್ಕು, ಒಂದು ಡಬ್ಬಿ ಹಿಟ್ಟು ಕೈಗಿಟ್ಟರು.

"ನಂಗೂ ಹಲ್ಲಿಲ್ಲ, ಅದ್ಕೂ ಹಲ್ಲಿಲ್ಲ. ತಿನ್ಲಿ ಬುಡವ್ವ."

ಅತ್ತೆ ಆ ಡಬ್ಬಿಯನ್ನು ಎರಡು ದಿನ ಮುಟ್ಟಲಿಲ್ಲ. ಮೂರು ಮಕ್ಕಳನ್ನು ಸಾಕಿದವರಿಗೆ ಮಿಲ್ಲಿನಲ್ಲಾದ ತಪ್ಪೇ ಪಾಠ ಕಲಿಸಿದರೆ ಹೇಗಾಗಬೇಡ? ಶನಿವಾರ ಮಾತ್ರ ಸದ್ದಿಲ್ಲದೆ ಒಲೆ ಮುಂದೆ ನಿಂತು ತಾವೇ ರಾಗಿ ಅರಳಿಸತೊಡಗಿದರು. ನಾನು ಕಂಡೂ ಕಾಣದವಳಂತೆ ಇದ್ದೆ.

ಸೋಮವಾರ ಎರಡನೇ ಪಿರಿಯಡ್ ಮುಗಿದದ್ದೇ ಫೋನ್ ಹಚ್ಚಿದೆ.

"ಬಟ್ಲು ಖಾಲಿ ಕಣವ್ವ! ತಿಂದು ಮನೀಕಂಡೈತೆ."

ನಾನು ಕಿರುಚಿದ್ದಕ್ಕೆ ಸ್ಟಾಫ್ ರೂಮಿನವರೆಲ್ಲ ತಿರುಗಿ ನೋಡಿದರು. "ಅತ್ತಳಾ? ನನ್ನ ಹುಡುಕಿದಳಾ?" ಎಂದು ಕೇಳಿದೆ.

"ಇಲ್ಲ ಕಣವ್ವ, ಒಂದ್ಸಲಾನೂ ಇಲ್ಲ" ಅಂದರು ಅತ್ತೆ, ನನಗೆ ಸಮಾಧಾನವಾಗಲಿ ಎಂದು.

ವಾರವಿಡೀ ನಾನು ಬೇಡಿಕೊಂಡದ್ದು ಇದನ್ನೇ. ಆದರೂ ಸುಳ್ಳೇಕೆ ಹೇಳಲಿ, ಆ ಸ್ಟೀಲು ಬಟ್ಟಲಿನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.